ಸುಖ್ನಾ ಕೆರೆಯ ಹೂಳಿಗೆ ಗುಡ್ಡದ ಮೇಲೆ ಮದ್ದು
1958ರಲ್ಲಿ ಮಳೆಗಾಲದ ತೊರೆಗೆ ಅಡ್ಡಗಟ್ಟಿ ನಿರ್ಮಿಸಿದ ಚಂಡೀಗಢದ ಸುಖ್ನಾ ಕೆರೆಗೆ, ಅದರ ಜಲಾನಯನ ಪ್ರದೇಶದಿಂದ, ಅಂದರೆ ಮಳೆನೀರು ಹರಿದು ಕೆರೆ ಸೇರುವ ಶಿವಾಲಿಕ್ ಗುಡ್ಡಗಳ ಇಳಿಜಾರಿನಿಂದ, ಸಡಿಲ ಮಣ್ಣು ಕೊಚ್ಚಿಬಂದು ನೀರು ಬಗ್ಗಡವಾಗಿ ಹೂಳು ತುಂಬತೊಡಗಿತು. ಹೂಳೆತ್ತಿಸಿದರೂ ಮರುವರ್ಷದ ಮಳೆಗೆ ಮತ್ತೆ ಅದೇ ಗತಿಯಾಗುತ್ತಿತ್ತು. ಗುಡ್ಡವನ್ನು ಬೋಳಾಗಿಸಿದ್ದು ಸುಖೋಮಾಜ್ರಿಯಂಥ ಹಳ್ಳಿಗಳ ಆಡುದನಗಳು. ಆದರೆ ಅವುಗಳ ಬಡ ಒಡೆಯರಿಗೆ ನಗರದ ಕೆರೆಯಿಂದ ಲಾಭವೇನಿತ್ತು? 1970ರ ದಶಕದಲ್ಲಿ ಮಣ್ಣು ಸಂರಕ್ಷಣಾ ತಜ್ಞ ಪಿ. ಆರ್. ಮಿಶ್ರಾ ಅವರ ಮಾರ್ಗದರ್ಶನದಲ್ಲಿ ಸುಖೋಮಾಜ್ರಿಯಲ್ಲಿ ಸಣ್ಣ ಮಣ್ಣಿನ ಒಡ್ಡುಗಳು ಎದ್ದು, ಭೂಹೀನರೂ ಸೇರಿದಂತೆ ಪ್ರತಿ ಮನೆಗೂ ನೀರಿನ ಪಾಲು ದೊರೆತ ಮೇಲೆ, ಜನರೇ ಗುಡ್ಡದಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿದರು. ಮುಳ್ಳುತಂತಿಯಿಲ್ಲದ ಈ ಕಟ್ಟುಪಾಡಿಗೆ ‘ಸಾಮಾಜಿಕ ಬೇಲಿ’ ಎಂಬ ಹೆಸರು ಬಂತು. ಹಗ್ಗ ಹೊಸೆಯಲು ಬರುವ ಭಾಬ್ಬರ್ ಹುಲ್ಲು ಇಳಿಜಾರಿನಲ್ಲಿ ಬೇರೂರಿ ಮಣ್ಣನ್ನು ಹಿಡಿದಿಟ್ಟುದರಿಂದ, ಕೆರೆ ಸೇರುವ ಹೂಳು ಗಣನೀಯವಾಗಿ ತಗ್ಗಿತು.