ತಂತಿ ಕಣ್ಣು ತೆರೆಯುವ ಗಳಿಗೆ

ಆಸಿಲೋಸ್ಕೋಪಿನ ಪರದೆಯ ಮೇಲೆ ಹಳದಿ ಗೆರೆಯೊಂದು ಜಿಗಿಯುತ್ತಿದೆ. ಮೇಲಿದ್ದರೆ 1, ಕೆಳಗಿದ್ದರೆ 0. ತಂತಿಯಲ್ಲಿ ಸೆಕೆಂಡಿಗೆ 1,000 ಕೋಟಿ ಬಿಟ್‌ಗಳು ಓಡುತ್ತಿವೆ. ಒಂದೊಂದು ಬಿಟ್ಟಿನ ಆಯಸ್ಸು ಬರೀ 100 ಪಿಕೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕೇ 3 ಸೆಂಟಿಮೀಟರ್ ದಾಟಲಾರದು! ಒಂದು ಮೀಟರ್ ಕೇಬಲ್ಲಿನ ಹೊಟ್ಟೆಯೊಳಗೆ ಯಾವ ಗಳಿಗೆಯಲ್ಲಿ ನೋಡಿದರೂ ಸುಮಾರು 50 ಬಿಟ್‌ಗಳು ಸಾಲುಗಟ್ಟಿ ಪ್ರಯಾಣದಲ್ಲಿರುತ್ತವೆ.

ಈ ಗೆರೆಯನ್ನು ಹಾಗೇ ದಿಟ್ಟಿಸಿದರೆ ಏನೂ ತಿಳಿಯದು. ಆದರೆ ಕ್ಲಾಕಿನ ಮಿಡಿತಕ್ಕೆ ಟ್ರಿಗರ್ ಹೊಂದಿಸಿ, ಗೆರೆಯನ್ನು ಎರಡು ಬಿಟ್ ಅಗಲದ ತುಂಡುಗಳಾಗಿ ಕತ್ತರಿಸಿ, ತುಂಡುಗಳನ್ನೆಲ್ಲ ಒಂದರ ಮೇಲೊಂದು ಬೀಳಿಸಿ ನೋಡಿ. ಮೊದಲು ನಾಲ್ಕಾರು ಗೆರೆಗಳು. ಆಮೇಲೆ ನೂರಾರು. ಲಕ್ಷ ತುಂಡುಗಳು ಬೀಳುವಷ್ಟರಲ್ಲಿ ಪರದೆಯ ನಟ್ಟನಡುವೆ ಒಂದು ಕಣ್ಣು ತೆರೆದುಕೊಂಡು ನಿಮ್ಮನ್ನೇ ನೋಡುತ್ತಿರುತ್ತದೆ!

ಇದೇ ಐ ಡಯಾಗ್ರಾಮ್. 0ಯಿಂದ 1ಕ್ಕೆ ಏರಿದ ಗೆರೆಗಳು, 1ರಿಂದ 0ಗೆ ಇಳಿದವು, ಅಲುಗದೆ ನಿಂತವು, ಎಲ್ಲವೂ ಸೇರಿ ರೆಪ್ಪೆಗಳನ್ನು ಬರೆದಿವೆ. ನಡುವಿನ ಖಾಲಿ ಜಾಗವೇ ಇಲ್ಲಿ ನಿಜವಾದ ಸಂಪತ್ತು. ಅಷ್ಟೂ ಬಿಟ್‌ಗಳಲ್ಲಿ ಒಂದೇ ಒಂದು ಗೆರೆಯೂ ಅಲ್ಲಿ ಕಾಲಿಟ್ಟಿಲ್ಲ. ಆ ಜಾಗದ ನಡುಮಧ್ಯದಲ್ಲಿ ನಿಂತು ರಿಸೀವರ್ ಕೇಳುವುದು ಒಂದೇ ಪ್ರಶ್ನೆ: ಗೆರೆ ನನಗಿಂತ ಮೇಲಿದೆಯೋ, ಕೆಳಗಿದೆಯೋ? ಕಣ್ಣು ಎತ್ತರವಾಗಿದ್ದಷ್ಟೂ ಗದ್ದಲವನ್ನು ತಡೆದುಕೊಳ್ಳಬಹುದು. ಅಗಲವಾಗಿದ್ದಷ್ಟೂ ವೇಳೆ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ. ಗೆರೆಗಳು ಒಂದನ್ನೊಂದು ದಾಟುವ ಮೂಲೆ ದಪ್ಪವಾಗಿದ್ದರೆ ಅದು ಜಿಟರ್, ಅಂದರೆ ಏರಿಳಿತದ ಗಳಿಗೆಯೇ ನಡುಗುತ್ತಿದೆ.

ಇನ್ನು ತಂತಿಯನ್ನು ಉದ್ದ ಮಾಡುತ್ತ ಹೋಗಿ. ರೆಪ್ಪೆಗಳು ದಪ್ಪಗಾಗುತ್ತವೆ, ಕಣ್ಣು ಕಿರಿದಾಗುತ್ತದೆ, ಕೊನೆಗೆ ಪೂರ್ತಿ ಮುಚ್ಚಿಹೋಗುತ್ತದೆ. ಕಾರಣ ಬ್ಯಾಂಡ್‌ವಿಡ್ತ್, ಅಂದರೆ ತಂತಿ ದಾಟಿಸಬಲ್ಲ ಅಲೆಗಳ ವ್ಯಾಪ್ತಿ. 10 ಗಿಗಾಬಿಟ್ ವೇಗದಲ್ಲಿ 1, 0, 1, 0 ಎಂದು ಕಳಿಸಿದರೆ ಅದು 5 ಗಿಗಾಹರ್ಟ್ಸ್‌ನ ಅಲೆ. ಅದಕ್ಕೆ ಚೌಕನೆಯ ಮೂಲೆ ಬರಬೇಕಾದರೆ 15, 25, 35 ಗಿಗಾಹರ್ಟ್ಸ್‌ನ ಅಲೆಗಳೂ ಜೊತೆಗೂಡಬೇಕು. ತಾಮ್ರವೂ ಅದರ ಸುತ್ತಲಿನ ಪ್ಲಾಸ್ಟಿಕ್ಕೂ ಮೊದಲು ನುಂಗುವುದು ಈ ಮೇಲಿನ ಅಲೆಗಳನ್ನೇ. ಮೂಲೆಗಳು ಕರಗುತ್ತವೆ. ಸಾಲು ಸೊನ್ನೆಗಳ ನಡುವೆ ಒಂಟಿಯಾಗಿ ಬಂದ 1 ಪೂರ್ತಿ ಎತ್ತರ ಮುಟ್ಟುವ ಮೊದಲೇ ಅದರ ಕಾಲ ಮುಗಿದಿರುತ್ತದೆ. ಅದರ ಬಾಲ ಮಾತ್ರ ಮುಂದಿನ ಬಿಟ್ಟಿನ ಮೇಲೆ ಎಳೆದುಕೊಂಡು ಹೋಗುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ನಿಧಾನವಾಗಿ ಆಡಿದ ಮಾತು ಸ್ಪಷ್ಟವಾಗಿ ಕೇಳುತ್ತದೆ. ಗಡಿಬಿಡಿಯಲ್ಲಿ ಆಡಿದರೆ ಹಿಂದಿನ ಮಾತಿನ ಮಾರ್ದನಿಯೇ ಮುಂದಿನ ಮಾತನ್ನು ಮುಳುಗಿಸುತ್ತದೆ. ಮುಚ್ಚಿದ ಕಣ್ಣಿನಲ್ಲಿ ಆಗಿರುವುದೂ ಅದೇ.

ಈ ಬಾಲದ ಕಾಟ ಮೊದಲು ದೊಡ್ಡದಾಗಿ ಕಾಣಿಸಿಕೊಂಡದ್ದು ಅಟ್ಲಾಂಟಿಕ್ ಸಮುದ್ರದ ತಳದಲ್ಲಿ. 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿಗೆ ಹಾಸಿದ ಟೆಲಿಗ್ರಾಫ್ ಕೇಬಲ್ಲಿನಲ್ಲಿ ವಿಕ್ಟೋರಿಯಾ ರಾಣಿಯ ನೂರಕ್ಕೂ ಕಡಿಮೆ ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು! ತಂತಿಯ ಉದ್ದ ಎರಡರಷ್ಟಾದರೆ ಸಿಗ್ನಲ್ಲಿನ ತಡ ನಾಲ್ಕರಷ್ಟಾಗುತ್ತದೆ ಎಂದು ವಿಲಿಯಂ ಥಾಮ್ಸನ್ ಆಗಲೇ ಲೆಕ್ಕ ಹಾಕಿ ತೋರಿಸಿದ್ದರು.

ಆದರೆ ನನ್ನನ್ನು ಎದ್ದು ಕೂರುವಂತೆ ಮಾಡಿದ್ದು ಬೆಲ್ ಸಂಸ್ಥೆಯ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಹೇಳಿದ ಮಾತು. ಒಂದು ಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಎರಡು ಸಂಕೇತಗಳನ್ನು ಒಂದಕ್ಕೊಂದು ತಾಗದಂತೆ ಕಳಿಸಬಹುದು. ಹೇಗೆ? ಬಾಲವನ್ನು ಕತ್ತರಿಸಲೇಬೇಕಿಲ್ಲ! ಬಾಲ ಎಷ್ಟು ದೂರವಾದರೂ ಚಾಚಲಿ. ಮುಂದಿನ ಬಿಟ್ಟನ್ನು ಅಳೆಯುವ ಗಳಿಗೆಯಲ್ಲಿ ಮಾತ್ರ ಅದು ಸರಿಯಾಗಿ ಸೊನ್ನೆಯನ್ನು ದಾಟುತ್ತಿರಬೇಕು. ಅದರ ಮುಂದಿನ ಬಿಟ್ಟಿನ ಗಳಿಗೆಯಲ್ಲೂ ಸೊನ್ನೆ, ಮುಂದಿನದರಲ್ಲೂ ಸೊನ್ನೆ. ಹಾಗೆ ರೂಪಿಸಿದ ಸಿಗ್ನಲ್ಲನ್ನು ಪರದೆಯಲ್ಲಿ ನೋಡಿ: ಅತ್ತಿತ್ತ ತೊನೆದಾಡುವ ನೂರಾರು ಗೆರೆಗಳು ಕಣ್ಣಿನ ನಡುವಿಗೆ ಬಂದಾಗ ಮಾತ್ರ ಮೇಲೊಂದು, ಕೆಳಗೊಂದು ಬಿಂದುವಿನಲ್ಲಿ ಕೂಡಿ, ಮರುಕ್ಷಣವೇ ಚದುರಿಹೋಗುತ್ತವೆ. ಗಣಿತವೊಂದು ಹೀಗೆ ಕಣ್ಣಿಗೆ ಕಾಣುವ ಜಾಗಗಳು ಬಹಳಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬೆಲ್ ಲ್ಯಾಬ್ಸ್ ಕಟ್ಟಿದ ಗೂಢಭಾಷೆಯ ಟೆಲಿಫೋನ್ ವ್ಯವಸ್ಥೆ ಸಿಗ್‌ಸ್ಯಾಲಿಯಲ್ಲಿ ಕಣ್ಣಿನ ಈ ಚಿತ್ರ ಮೊದಲು ಬಳಕೆಗೆ ಬಂತು. 1943ರಲ್ಲಿ ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಮಾತು ಹೊತ್ತ ಆ 50 ಟನ್ನಿನ ಯಂತ್ರ ದನಿಯನ್ನು ಆರು ಮಟ್ಟಗಳಾಗಿ ಒಡೆಯುತ್ತಿತ್ತು. ಯಾವ ಗಳಿಗೆಯಲ್ಲಿ ಅಳೆಯಬೇಕೆಂದು ಹೊಂದಿಸಲು ಅದರ ಎಂಜಿನಿಯರುಗಳು ಇದೇ ಕಣ್ಣನ್ನು ನೆಚ್ಚಿಕೊಂಡರು.

ಈಗ ಆ ಮುಚ್ಚಿದ ಕಣ್ಣಿಗೆ ಬನ್ನಿ. ಪರದೆ ತುಂಬ ಮಸುಕು. ಯಾರೇ ನೋಡಿದರೂ ಸಂದೇಶ ಸತ್ತಿತೆಂದೇ ಹೇಳುತ್ತಾರೆ. ಸತ್ತಿಲ್ಲ! ಒಂದು ಬಿಟ್ ಎಷ್ಟು ಹರಡುತ್ತದೆ, ಅದರ ಬಾಲ ಮುಂದಿನ ಬಿಟ್ಟಿನ ಮೇಲೆ ಎಷ್ಟು ಬೀಳುತ್ತದೆ ಎಂಬುದಕ್ಕೆ ಕಟ್ಟುನಿಟ್ಟಾದ ಲೆಕ್ಕವಿದೆ. ಲೆಕ್ಕವಿದ್ದರೆ ಕಳೆಯಬಹುದು. ಈಕ್ವಲೈಸರ್ ಮಾಡುವುದು ಅದನ್ನೇ: ತಾಮ್ರ ನುಂಗಿದ ಮೇಲಿನ ಅಲೆಗಳನ್ನು ಎತ್ತಿಕೊಡುತ್ತದೆ, ಈಗಾಗಲೇ ಗುರುತಿಸಿದ ಬಿಟ್ಟಿನ ಬಾಲವನ್ನು ಮುಂದಿನದರಿಂದ ಕಳೆಯುತ್ತದೆ. ಟೆಲಿಫೋನ್ ಲೈನಿಗೆ ತಾನಾಗಿಯೇ ಹೊಂದಿಕೊಳ್ಳುವ ಈಕ್ವಲೈಸರನ್ನು ಬೆಲ್ ಲ್ಯಾಬ್ಸಿನ ರಾಬರ್ಟ್ ಲಕಿ 1965ರಲ್ಲೇ ವಿವರಿಸಿದ್ದರು. ಹೊಂದಾಣಿಕೆ ಕೂಡಿಬಂದಾಗ ಮಸುಕಿನ ನಡುವೆ ಸೀಳೊಂದು ಮೂಡಿ, ಹಿಗ್ಗಿ, ಕಣ್ಣು ಪಿಳಕ್ಕನೆ ತೆರೆಯುತ್ತದೆ. ಲೆಕ್ಕಕ್ಕೆ ಸಿಗದೆ ಉಳಿಯುವುದು ಗದ್ದಲ ಮಾತ್ರ. ಮೇಲಿನ ಅಲೆಗಳನ್ನು ಎತ್ತಿದರೆ ಅದೂ ಏಳುತ್ತದೆ. ಗದ್ದಲವಿದ್ದಾಗ ಎಷ್ಟು ದಾಟಿಸಬಹುದು ಎಂಬ ಗಡಿಯನ್ನು 1948ರಲ್ಲಿ ಕ್ಲಾಡ್ ಶಾನನ್ ಎಳೆದುಬಿಟ್ಟರು.

ಆ ಗಡಿಯೊಳಗೇ ಎಂಥ ಸಾಹಸಗಳು! ಕಂಪ್ಯೂಟರಿನ ಪಿಸಿಐ ಎಕ್ಸ್‌ಪ್ರೆಸ್‌ನ 6ನೇ ಆವೃತ್ತಿ ಎರಡರ ಬದಲು ನಾಲ್ಕು ಮಟ್ಟಗಳಲ್ಲಿ ಸಿಗ್ನಲ್ ಕಳಿಸುತ್ತದೆ. ಬ್ಯಾಂಡ್‌ವಿಡ್ತ್ ಹೆಚ್ಚದೆ ವೇಗ ಇಮ್ಮಡಿ. ಅಲ್ಲಿ ಪರದೆಯ ಮೇಲೆ ಒಂದರ ಮೇಲೊಂದರಂತೆ ಮೂರು ಕಣ್ಣುಗಳು, ಒಂದೊಂದೂ ಮೊದಲಿನದರ ಮೂರನೇ ಒಂದು ಪಾಲಿನಷ್ಟೇ ಎತ್ತರ.

ಇಷ್ಟು ವೇಗದಲ್ಲಿ ಚಿಪ್ಪಿನ ಕಾಲಿಗೆ ಪ್ರೋಬ್ ತಾಗಿಸಿದರೆ ಕಾಣುವುದು ಮುಚ್ಚಿದ ಕಣ್ಣೇ. ಅದು ತೆರೆದುಕೊಳ್ಳುವುದು ಈಕ್ವಲೈಸರ್ ದಾಟಿದ ಮೇಲೆ, ಸಿಲಿಕಾನಿನ ಒಳಗೆ, ಯಾವ ಪ್ರೋಬೂ ಮುಟ್ಟದ ಕಡೆ. ಹಾಗಾದರೆ ನೋಡುವವರು ಯಾರು? ಚಿಪ್ಪೇ! ಕೆಲಸದಲ್ಲಿರುವ ಅಳತೆಗಾರನ ಪಕ್ಕದಲ್ಲಿ ಎರಡನೆಯ ಅಳತೆಗಾರನನ್ನಿಟ್ಟು, ಅವನನ್ನು ಒಂದಿಷ್ಟು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸುತ್ತ, ಇಬ್ಬರ ಉತ್ತರ ಎಲ್ಲೆಲ್ಲಿ ತಪ್ಪಿಹೋಗುತ್ತದೆ ಎಂದು ಅದು ಎಣಿಸುತ್ತ ಹೋಗುತ್ತದೆ. ಆ ಎಣಿಕೆಗಳನ್ನು ಬಣ್ಣಗಳಾಗಿ ಜೋಡಿಸಿದರೆ ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ, ಚಿಪ್ಪು ತನ್ನೊಳಗೇ ಅಳೆದು ಬರೆದ ತನ್ನ ಕಣ್ಣಿನ ಚಿತ್ರ.