ಚಿತ್ತಾ ಮಳೆಗೆ ಮುಂಚೆ ಬೀಸುವ ತಂಗಾಳಿ

ನವರಾತ್ರಿ ಮುಗಿದು ದೀಪಾವಳಿ ಇನ್ನೂ ದೂರವಿದೆ ಎನ್ನುವಾಗ ಒಂದು ವಾರ ಬರುತ್ತದಲ್ಲ, ನೀವೂ ಗಮನಿಸಿರಬಹುದು. ಬೆಳಿಗ್ಗೆಯೇ ಚುರುಗುಟ್ಟುವ ಬಿಸಿಲು, ಹಿತವಾದ ಗಾಳಿ, ತೊಳೆದಿಟ್ಟಂಥ ಆಕಾಶ. ಮಳೆಗಾಲ ಮುಗೀತು ಎಂದುಕೊಂಡು ಮುಗ್ಗಲು ವಾಸನೆ ಹಿಡಿದ ಹಾಸಿಗೆ, ರಜಾಯಿ, ಗಿರಣಿಗೆ ಕಳಿಸಬೇಕಾದ ಗೋಧಿ ಎಲ್ಲವನ್ನೂ ತಾರಸಿಗೆ ಹೊರುತ್ತೇವೆ. ಮೂರು ಗಂಟೆಯ ಹೊತ್ತಿಗೆ ಎಲ್ಲೋ ದೂರದಲ್ಲಿ ಕರಿಮೋಡ. ಸೆಖೆಯಲ್ಲಿ ಬೆಂದ ಮೈಗೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ. "ಅಬ್ಬಾ, ಈಗ ಜೀವ ಬಂತು" ಎನ್ನುತ್ತೇವೆ. ಎಚ್ಚರವಾಗಬೇಕಾದ್ದು ಆಗಲೇ!

ಮುಂಗಾರು ನಮ್ಮ ರಾಜ್ಯದಿಂದ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗದಲ್ಲಿ. ಹಿಂಗಾರು ಕಾಲಿಡುವುದು 20ನೇ ತಾರೀಖಿನ ಆಸುಪಾಸು. ನಡುವಿನ ಈ ದಿನಗಳಲ್ಲಿ ನೆಲದಲ್ಲಿ ತೇವ ಇನ್ನೂ ಆರಿರುವುದಿಲ್ಲ, ಬಿಸಿಲು ಮಾತ್ರ ಜೋರು. ಇಡ್ಲಿ ಪಾತ್ರೆಯ ಹಬೆಯ ಹಾಗೆ ತೇವದ ಬಿಸಿಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ 10–12 ಕಿಲೋಮೀಟರ್ ಎತ್ತರದ ಮೋಡವಾಗುತ್ತದೆ. ಅದರೊಳಗೆ ಮಂಜಿನ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ ವಿದ್ಯುತ್ತು ಹುಟ್ಟುತ್ತದೆ. ಮಳೆಯೊಡನೆ ಕೆಳಗಿಳಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು, ಮಳೆಗಿಂತ ಮುಂದಾಗಿ ನಮ್ಮ ಅಂಗಳಕ್ಕೆ ನುಗ್ಗುತ್ತದೆ. ನಾವು ಮೆಚ್ಚಿಕೊಂಡ ತಂಗಾಳಿ ಅದೇ ಕಣ್ರೀ. ಒಂದು ಬೀದಿಗೆ ಸುರಿದು ಪಕ್ಕದ ಬೀದಿಯನ್ನು ಬಿಡುವುದರಿಂದ ಹಿರಿಯರು ಇದನ್ನು 'ಕುರುಡು ಚಿತ್ತೆ' ಎಂದರು. ಆದರೆ ಸಿಡಿಲಿಗೆ ಆ ಗಡಿಯೂ ಇಲ್ಲ. ಮಳೆ ಬೀಳುತ್ತಿರುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಅದು ಎರಗಬಲ್ಲದು.

ನಮ್ಮ ದೇಶದಲ್ಲಿ ಸಿಡಿಲಿಗೆ ಪ್ರತಿವರ್ಷ 2,000ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಹೆಚ್ಚಿನವರು ಹೊಲದಲ್ಲಿ, ಬಯಲಿನಲ್ಲಿ, ಮರದಡಿಯಲ್ಲಿ ಇದ್ದವರು. ತಾರಸಿಯೂ ಒಂದು ಬಯಲೇ ತಾನೆ? ಅದರಲ್ಲೂ ಬಟ್ಟೆ ಹರವುವ ಕಬ್ಬಿಣದ ತಂತಿ! ಹುಣಸೇಮರದಿಂದ ಅಡುಗೆಮನೆಯ ಕಿಟಕಿ ಸರಳಿಗೆ ಬಿಗಿದ ತಂತಿಯಿದ್ದರೆ ಅದನ್ನು ಇವತ್ತೇ ಬಿಚ್ಚಿಸಿ, ನೈಲಾನ್ ಹಗ್ಗ ಕಟ್ಟಿಸಿ. ಗುಡುಗುವಾಗ ಅಂಗಳಕ್ಕೆ ಕತ್ತಿ ಎಸೆಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ಕತ್ತಿ ಏನೂ ಮಾಡದು. ಅದನ್ನು ಎಸೆಯಲು ಹೊರಗೆ ಹೋಗುವುದೇ ಅಪಾಯ.

ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ ನೋಡಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ನಿಜ ಹೇಳಬೇಕೆಂದರೆ, ಗುಡುಗು ಕಿವಿಗೆ ಬಿತ್ತೆಂದರೆ ಎಣಿಸುವ ಗೊಡವೆಯೇ ಬೇಡ, ಒಳಗೆ ಬನ್ನಿ. ಜಗುಲಿ ಸಾಲದು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವ ತನಕ ಹೊರಡಬೇಡಿ. ಅಷ್ಟು ಹೊತ್ತು ಪಾತ್ರೆ ತೊಳೆಯುವುದು, ಸ್ನಾನ ಎರಡೂ ಬೇಡ; ಕೊಳಾಯಿಯ ಕಬ್ಬಿಣದ ಪೈಪು, ನೀರು ಎರಡರಲ್ಲೂ ವಿದ್ಯುತ್ತು ಹರಿಯುತ್ತದೆ. ಟಿ.ವಿ. ಪ್ಲಗ್ಗನ್ನು ಮೋಡ ಕಂಡಾಗಲೇ ಕಿತ್ತಿಡಿ, ಗುಡುಗತೊಡಗಿದ ಮೇಲೆ ಮುಟ್ಟಬೇಡಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಕರೆಂಟು ಹೊಡೆಯುತ್ತೆ ಎಂಬ ಭಯ ಅನೇಕರಿಗಿದೆ. ಇದು ಶುದ್ಧ ಸುಳ್ಳು. ಹೀಗೆ ಹೆದರಿ ದೂರ ನಿಂತರೆ ಉಳಿಯಬಹುದಾದ ಜೀವವೂ ಹೋಗುತ್ತದೆ. ಬೇರೆಯವರಿಂದ 108ಕ್ಕೆ ಫೋನ್ ಮಾಡಿಸಿ. ಉಸಿರು ನಿಂತಿದ್ದರೆ ಎದೆಯ ನಟ್ಟನಡುವೆ ಅಂಗೈ ಊರಿ, ಬಲವಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ.

ಮಕ್ಕಳ ಕೈಲಿ ಮೊಬೈಲ್ ಇದ್ದರೆ 'ದಾಮಿನಿ' ಆ್ಯಪ್ ಹಾಕಿಸಿಕೊಳ್ಳಿ. ನಿಮ್ಮ ಊರಿನ ಸುತ್ತಮುತ್ತಲ ಸಿಡಿಲಿನ ಮುನ್ಸೂಚನೆ ಅದರಲ್ಲಿ ಸಿಗುತ್ತದೆ. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ್ದು.

ಇನ್ನು ತಾರಸಿಯ ವಿಚಾರ. ಈ ದಿನಗಳಲ್ಲಿ ಒಣಹಾಕುವ ಕೆಲಸ ಎಂಟು ಗಂಟೆಗೇ ಆಗಿಬಿಡಲಿ, ಎರಡೂವರೆಗೆಲ್ಲ ಎಲ್ಲವೂ ಒಳಗೆ ಬಂದಿರಲಿ. ತಡವಾಗಿ ಗುಡುಗು ಶುರುವಾಯಿತೋ, ಹಾಸಿಗೆ ನೆನೆದರೆ ನೆನೆಯಲಿ, ನಾಳೆಯ ಬಿಸಿಲಿದೆ. ಗೋಧಿಯನ್ನು ನೆಲಕ್ಕೇ ಹರಡದೆ ಹಳೇ ಸೀರೆಯ ಮೇಲೆ ಹರಡಿ. ನಾಲ್ಕು ತುದಿ ಹಿಡಿದು ಗಂಟು ಕಟ್ಟಿದರೆ ಒಂದೇ ಸಲಕ್ಕೆ ಮೆಟ್ಟಿಲಿಳಿಸಬಹುದು.