ಬೆಳೆಗಾರನ ಓದು: ಕೈಪಿಡಿಯೂ ಕಾದಂಬರಿಯೂ

ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಸಂಘದ ಪುಸ್ತಕದ ಅಲ್ಮೇರಾದಲ್ಲಿ ಕಾದಂಬರಿಗಳಿಗೇನು ಕೆಲಸ? "ದರಪಟ್ಟಿ ಇಡಿ, ಔಷಧಿಯ ಪುಸ್ತಕ ಇಡಿ, ಬೇಡ ಅನ್ನೋರು ಯಾರು? ಸುಳ್ಳು ಕತೆ ಓದಿದ್ರೆ ಮರದಲ್ಲಿ ಅಡಿಕೆ ಜಾಸ್ತಿ ಬಿಡ್ತದಾ ಮಾರಾಯ್ರೆ?" ಪಂಕ್ತಿಯಲ್ಲಿ ನಗೆ ಎದ್ದಿತು. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಬಂದದ್ದರಿಂದ ಉತ್ತರ ಕೊಡುವ ಕಷ್ಟ ನಮಗೆ ತಪ್ಪಿತು. ಆದರೆ ಪ್ರಶ್ನೆ ಹೋಳಿಗೆಯ ಜೊತೆಗೆ ಇಳಿದುಹೋಗಲಿಲ್ಲ. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸಲು ಯತ್ನಿಸುತ್ತೇವೆ.

ಸ್ವಾನುಭವದಿಂದಲೇ ಆರಂಭಿಸುವುದು ಲೇಸು. ಪದವಿ ಮುಗಿಸಿ ನಾವು ತೋಟಕ್ಕೆ ಮರಳಿದಾಗ ತಂದದ್ದು ಒಂದು ಟ್ರಂಕು ಬಟ್ಟೆ, ಎರಡು ಟ್ರಂಕು ಕಾದಂಬರಿ. ಕುವೆಂಪು, ಕಾರಂತ, ತೇಜಸ್ವಿ ಇವರನ್ನು ಬಿಟ್ಟು ಬೇರೆ ಲೋಕವೇ ನಮಗಿರಲಿಲ್ಲ. ತೀರ್ಥರೂಪರು ಪೇಟೆಯಿಂದ ಬಂದಾಗಲೆಲ್ಲ ಒಂದೆರಡು ಕೃಷಿ ಕರಪತ್ರಗಳನ್ನು ತಂದು, ಏನೂ ಹೇಳದೆ, ನಮ್ಮ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದರು. ನಾವು ಅವನ್ನು ಪುಟದ ಗುರುತಿಗೆ ಬಳಸಿಕೊಳ್ಳುತ್ತಿದ್ದೆವು.

ಒಂದು ವರ್ಷ ಮೇ ತಿಂಗಳಲ್ಲಿ ತೀರ್ಥರೂಪರು ಕಾಯಿಲೆ ಬಿದ್ದರು. ಕೊಳೆಔಷಧಿಯ ಹೊಣೆ ನಮ್ಮ ತಲೆಗೆ ಬಂತು. ಕೊನೆಗಾರ ಎರಡು ಸಲ ಬಂದು ಕೇಳಿದ. ಮಳೆ ಇನ್ನೂ ದೂರವಿದೆಯೆಂದು ಕಳುಹಿಸಿದೆವು. ಮುಂಗಾರು ಹಿಡಿದ ಮೇಲೆ ಗಡಿಬಿಡಿಯಿಂದ ಶುರುಮಾಡಿ, ತೊಟ್ಟಿ ಸೋರುತ್ತಿದೆಯೆಂದು ಕಬ್ಬಿಣದ ಡ್ರಮ್ಮಿನಲ್ಲೇ ಬೋರ್ಡೋ ದ್ರಾವಣ ಮಾಡಿಸಿದೆವು. ಮಧ್ಯಾಹ್ನ ಮಳೆ ಬಂದು ಕೆಲಸ ನಿಂತಿತು. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಮಾರನೆಯ ದಿನ ಅದನ್ನೇ ಹೊಡೆಸಿದೆವು. ಬಲ್ಲ ಬೆಳೆಗಾರರು ಇಲ್ಲಿಗೇ ತಲೆ ಚಚ್ಚಿಕೊಂಡಿರುತ್ತಾರೆ. ಶ್ರಾವಣದ ಹೊತ್ತಿಗೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ಆ ವರ್ಷ ಅಂಗಳದಲ್ಲಿ ಅಡಿಕೆ ಹರಡಲು ಅರ್ಧ ಚಪ್ಪರವೂ ಬೇಕಾಗಲಿಲ್ಲ.

ಮಳೆ ನಿಂತ ಮೇಲೆ 'ಮಲೆಗಳಲ್ಲಿ ಮದುಮಗಳು' ಪುಸ್ತಕದ ನಡುವೆ ಒಂದು ಕರಪತ್ರ ಸಿಕ್ಕಿತು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಲೋಹದ ಪಾತ್ರೆ ಕೂಡದು. ಹದ ನೋಡಲು ಕಬ್ಬಿಣದ ಚೂರಿ ಅದ್ದಿ, ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಮಾಡಿದ ದಿನವೇ ಬಳಸಿ ಮುಗಿಸಬೇಕು. ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು ೪೦-೪೫ ದಿನಗಳ ನಂತರ. ಎಲ್ಲವೂ ಅದರಲ್ಲಿತ್ತು. ತೀರ್ಥರೂಪರಿಗೆ ತೋರಿಸಿದೆವು. "ಗುರುತಿಗೆ ಇಟ್ಟದ್ದನ್ನೂ ಒಂದು ಸಲ ಓದಬಹುದಿತ್ತು" ಎಂದಷ್ಟೇ ಹೇಳಿ ಮಗ್ಗುಲು ತಿರುಗಿ ಮಲಗಿದರು.

ಪೆಟ್ಟು ತಿಂದವನು ಇನ್ನೊಂದು ಬದಿಗೆ ವಾಲುವುದು ಸಹಜ. ನಾವು ಕಾದಂಬರಿಗಳನ್ನು ಅಟ್ಟಕ್ಕೆ ಹಾಕಿ ನಿಜದ ಪುಸ್ತಕಗಳಿಗೆ ಬಿದ್ದೆವು. ಅದರಲ್ಲೂ ರುಚಿ ಇತ್ತೆಂಬುದನ್ನು ಮರೆಮಾಚಲಾರೆವು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಂತೆ ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ೧೮೮೨ರಲ್ಲಿ ಆ ಬಳ್ಳಿಗಳ ಎಲೆ ಮಾತ್ರ ರೋಗವಿಲ್ಲದೆ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಗಮನಿಸಿ, ಪ್ರಯೋಗ ನಡೆಸಿ, ೧೮೮೫ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದೇ ಔಷಧಿಯನ್ನು ೧೯೧೦ರ ಸುಮಾರಿಗೆ ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಕಳ್ಳರಿಗೆ ಎರಚಿದ್ದು ಕೊಳೆಗೆ ಮದ್ದಾಯಿತು! ಯಾವ ಕಾದಂಬರಿಕಾರನೂ ಇದನ್ನು ಕಟ್ಟಿ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ಕಾಫಿಯ ಕಡೆಯಿಂದಲೂ ಒತ್ತಡ ಬಂತು. ಪೂಲ್ ಪದ್ಧತಿ ಇದ್ದಾಗ ಕಾಫಿ ಒಪ್ಪಿಸಿ ಕಂತಿನ ಹಣಕ್ಕೆ ಕಾಯುವುದಷ್ಟೇ ಕೆಲಸವಾಗಿತ್ತು. ೧೯೯೬ರಲ್ಲಿ ಅದು ಪೂರ್ತಿ ಕೊನೆಗೊಂಡ ಮೇಲೆ ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೊಬಸ್ಟಾ ದರ, ಬ್ರೆಜಿಲಿನಲ್ಲಿ ಹಿಮ ಬಿತ್ತೇ ಇಲ್ಲವೇ ಎಂಬುದೆಲ್ಲ ಮಲೆನಾಡಿನ ಜಗಲಿಯ ಮಾತಾಯಿತು. ಮುಂದೆ ಸಂಘದ ಕಾರ್ಯದರ್ಶಿತ್ವ ಹೆಗಲೇರಿತು. ೧೯೫೯ರ ಸಹಕಾರ ಸಂಘಗಳ ಕಾಯ್ದೆ, ಉಪವಿಧಿಗಳು, ಸುತ್ತೋಲೆಗಳು, ಲೆಕ್ಕಪರಿಶೋಧನಾ ವರದಿ. ಕಣ್ಣಿಗೆ ಬೇರೆ ಅಕ್ಷರ ಬೀಳುತ್ತಿರಲಿಲ್ಲ. ಕಾದಂಬರಿ ಓದುವವರನ್ನು ಕಂಡರೆ ನಮಗೂ ಪಂಕ್ತಿಯ ಹಿರಿಯರಂತೆಯೇ ಅನ್ನಿಸುತ್ತಿತ್ತು.

ಇಲ್ಲಿ ಎರಡನೆಯ ತಪ್ಪು. ಮೊದಲನೆಯದರಿಂದ ನಷ್ಟವಾದದ್ದು ನಮಗೆ, ಇದರಿಂದ ಇನ್ನೊಬ್ಬರಿಗೆ.

ಒಂದು ಆಷಾಢದ ಮಧ್ಯಾಹ್ನ ವಯಸ್ಸಾದ ಗೌಡರೊಬ್ಬರು ಕಚೇರಿಗೆ ಬಂದರು. ಜೀವಮಾನದಲ್ಲಿ ಮೊದಲ ಸಲ ಅವರ ಹೆಸರು ಸುಸ್ತಿದಾರರ ಪಟ್ಟಿಗೆ ಬಂದಿತ್ತು. ನೋಟೀಸು ನಾವೇ ಕಳುಹಿಸಿದ್ದೆವು. ಛತ್ರಿಯ ನೀರು ಕೊಡವಿ ಬೆಂಚಿನ ಮೇಲೆ ಕುಳಿತು, ಕೆಳಗಿನ ತೋಟದ ಒರತೆ ಬತ್ತಿದ್ದು, ಮಂಗಗಳ ಕಾಟ, ಆ ತೋಟದ ಸಸಿಗಳನ್ನು ಮಗ ಹುಟ್ಟಿದ ವರ್ಷ ನೆಟ್ಟದ್ದು, ಹೀಗೆ ಹೇಳುತ್ತಾ ಹೋದರು. ಮಗ ದೂರದ ಊರಿನಲ್ಲಿದ್ದ. ನಾವು ಖಾತೆಯ ಪುಸ್ತಕ ತಿರುಗಿಸಿ ಅಸಲಿಷ್ಟು, ಬಡ್ಡಿಯಿಷ್ಟು ಎಂದು ತೋರಿಸಿದೆವು. "ಗೌಡ್ರೆ, ಅದೆಲ್ಲ ಇರಲಿ. ಕಂತು ಯಾವಾಗ ಕಟ್ತೀರಿ?"

"ಕಟ್ಟಾಣ ಬಿಡಿ ಕಾರ್ಯದರ್ಶಿಗಳೇ" ಎಂದು ಎದ್ದರು.

ದೀಪಾವಳಿಯ ಹೊತ್ತಿಗೆ ಪೂರ್ತಿ ಬಾಕಿ ಕಟ್ಟಿದರು. ವಸೂಲಾತಿ ವರದಿಯಲ್ಲಿ ನಾವು ಅದನ್ನು ಹೆಮ್ಮೆಯಿಂದಲೇ ಬರೆದೆವು. ಕೆಳಗಿನ ತೋಟ ಮಾರಿ ಕಟ್ಟಿದರೆಂಬುದು ತಿಳಿದದ್ದು ಆಮೇಲೆ. ಸಾಲದ ಅವಧಿ ವಿಸ್ತರಣೆಗೆ ಅರ್ಜಿ ಹಾಕಲು ನಮ್ಮ ನಿಯಮದಲ್ಲಿ ಅವಕಾಶವಿತ್ತು. ಆ ನಿಯಮ ನಮಗೆ ಕಂಠಪಾಠವಾಗಿತ್ತು. ಅವರು ಬಾಯಿಬಿಟ್ಟು ಕೇಳಲಿಲ್ಲ, ನಾವು ಹೇಳಲಿಲ್ಲ.

ಮಾರನೆಯ ವರ್ಷದ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ನಾವು ಮನೆಯೊಳಗೆ ಸುಮ್ಮನೆ ಸುತ್ತುವುದನ್ನು ನೋಡಲಾರದೆ ನಮ್ಮ ಮನೆಯವರು ಅಟ್ಟದಿಂದ ಒಂದು ಪುಸ್ತಕ ತೆಗೆದು ಕೈಗಿತ್ತರು. ಕಾರಂತರ 'ಬೆಟ್ಟದ ಜೀವ', ೧೯೪೩ರಲ್ಲಿ ಬಂದದ್ದು. ಕಾಲೇಜಿನಲ್ಲಿ ಓದಿದ್ದೆವು, ಆಗ ಕಾಡು, ಬೆಟ್ಟ, ಹೊಳೆಯ ವರ್ಣನೆಗೆ ಮರುಳಾಗಿದ್ದೆವು. ಈಗ ಕಂಡದ್ದು ಗೋಪಾಲಯ್ಯ. ಕುಮಾರಪರ್ವತದ ತಪ್ಪಲಿನಲ್ಲಿ ಅಡಿಕೆ ತೋಟ ಮಾಡಿದ ಆ ಮುದುಕ ಬಂದವರಿಗೆ ಉಪಚಾರ ಮಾಡುತ್ತಾನೆ, ತೋಟ ತೋರಿಸುತ್ತಾನೆ, ಹಾಸ್ಯ ಮಾಡುತ್ತಾನೆ. ಮನೆ ಬಿಟ್ಟು ಹೋದ ಮಗನ ದುಃಖ ಇದೆಲ್ಲದರ ಅಡಿಯಲ್ಲಿದೆ. ಅದು ನೇರವಾಗಿ ಹೊರಗೆ ಬರುವುದಿಲ್ಲ. ಓದುತ್ತಿದ್ದಂತೆ ಚಿಮಣಿಯ ಬೆಳಕಿನಲ್ಲಿ ನಮಗೆ ಆ ಬೆಂಚು, ಆ ಛತ್ರಿ ಕಾಣತೊಡಗಿದವು. ಒರತೆ, ಮಂಗ, ಸಸಿ ನೆಟ್ಟ ವರ್ಷ: ಗೌಡರು ಸಾಲದ ಮಾತನ್ನೇ ಆಡಿದ್ದರು. ಕೇಳುವ ಕಿವಿ ನಮ್ಮಲ್ಲಿರಲಿಲ್ಲ.

ಮಳೆ ಹೊಳವಾದ ದಿನ ಅವರ ಮನೆಗೆ ಹೋದೆವು. ಕಾಫಿ ಕೊಟ್ಟರು. ದಣಪೆಯ ಬಳಿ ನಿಂತು, ಈಗ ಬೇರೆಯವರದಾದ ತೋಟವನ್ನು ತೋರಿಸಿ, "ಈ ವರ್ಷ ಫಸಲು ಚಂದಾಗಿದೆ ನೋಡಿ" ಎಂದರು. ಅಡಿಕೆಯ ದರ ಏರಬಹುದೇ ಎಂದು ಕೇಳಿದರು. ನಾವು ಹೇಳಬೇಕೆಂದು ಹೋದದ್ದನ್ನು ಹೇಳದೆಯೇ ಬಂದೆವು.

ಕಾದಂಬರಿ ಬಿಡದೆ ಓದಿದ್ದರೆ ಆ ತೋಟ ಉಳಿಯುತ್ತಿತ್ತೆಂದು ನಾವು ವಾದಿಸುವುದಿಲ್ಲ. ಅವಧಿ ಕೊಡುವುದು ಬಿಡುವುದು ಆಡಳಿತ ಮಂಡಳಿಯ ಅಧಿಕಾರ. ಆದರೆ ಮಾತನ್ನು ಅರ್ಧಕ್ಕೆ ಕಡಿಯುತ್ತಿರಲಿಲ್ಲವೇನೋ. ಈಗ ಸುಸ್ತಿದಾರರು ಯಾರೇ ಬಂದರೂ ಮೊದಲು ಕಾಫಿ ತರಿಸುತ್ತೇವೆ. ಖಾತೆಯ ಪುಸ್ತಕ ಆಮೇಲೆ. ನೋಟೀಸಿನ ಅಡಿಯಲ್ಲಿ ಅವಧಿ ವಿಸ್ತರಣೆಯ ನಿಯಮವನ್ನೂ ಅಚ್ಚು ಹಾಕಿಸಿದ್ದೇವೆ.

ಹಾಗಾದರೆ ಎಷ್ಟು ಇದು, ಎಷ್ಟು ಅದು ಎಂದು ಕೇಳಿದರೆ ಗೊಬ್ಬರದಂತೆ ತೂಕ ಮಾಡಿ ಹೇಳಲು ಬರುವುದಿಲ್ಲ. ನಮ್ಮಲ್ಲಿ ಋತುವೇ ಅದನ್ನು ನಿರ್ಧರಿಸುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಹಾಜರಿ ಪುಸ್ತಕ ಮತ್ತು ದರಪಟ್ಟಿ ಬಿಟ್ಟು ಯಾವುದೂ ಸಾಗದು. ಕಾದಂಬರಿ ಹಿಡಿದರೆ ಎರಡು ಪುಟಕ್ಕೆ ಎದೆಯ ಮೇಲೆ ಬೀಳುತ್ತದೆ. ಹೂಮಳೆಯಿಂದ ಮುಂಗಾರಿನವರೆಗೆ ತಾಂತ್ರಿಕ ಪುಸ್ತಕಗಳು, ಬೆಳಗಿನ ಹೊತ್ತು, ಪೆನ್ಸಿಲು ಹಿಡಿದು. ಆಷಾಢ, ಶ್ರಾವಣ ಕಾದಂಬರಿಗೆ. ಕೊಳೆಔಷಧಿಯ ಕರಪತ್ರ ಮಾತ್ರ ಔಷಧಿಮನೆಯ ಬಾಗಿಲಿಗೆ ಅಂಟಿದೆ. ಅದು ಪುಟದ ಗುರುತಾಗಲು ಇನ್ನು ಸಾಧ್ಯವಿಲ್ಲ.

ಎರಡೂ ಬೇಡ, ನಡುವಿನದು ಬೇಕೆನ್ನುವವರಿಗೂ ದಾರಿಯಿದೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ಸಸ್ಯಶಾಸ್ತ್ರವೇ ಆದರೂ ನಕ್ಕು ಸಾಕಾಗುತ್ತದೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ನಮ್ಮ ಹಾಗೆ ಕಾಫಿ ಬೆಳೆಯುತ್ತಲೇ ಬರೆದವರು. ಅವರ 'ಕರ್ವಾಲೊ' ಕಾದಂಬರಿ ಆರಂಭವಾಗುವುದೇ ಜೇನು ಸೊಸೈಟಿಯಲ್ಲಿ; ಸಹಕಾರಿಗಳಾದ ನಮಗೆ ಇದಕ್ಕಿಂತ ಇನ್ನೇನು ಬೇಕು? ಊರವರು ಲೆಕ್ಕಕ್ಕಿಡದ ಮಂದಣ್ಣನ ತಿಳಿವಳಿಕೆಯನ್ನು ವಿಜ್ಞಾನಿ ಕರ್ವಾಲೊ ಗೌರವಿಸುವ ಬಗೆಯನ್ನು, ಆಳುಗಳಿಂದ ಕೆಲಸ ಮಾಡಿಸುವ ಪ್ರತಿಯೊಬ್ಬ ಬೆಳೆಗಾರರೂ ಓದಬೇಕೆಂದು ನಮ್ಮ ಆಗ್ರಹ.

ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಕಳೆದ ವಾರ 'ಬೆಟ್ಟದ ಜೀವ' ಕೊಟ್ಟು ಕಳುಹಿಸಿದ್ದೇವೆ. ಜೊತೆಗೆ ಕಾಂಡಕೊರಕದ ಬಗ್ಗೆ ಒಂದು ಕೈಪಿಡಿಯನ್ನೂ ಕೇಳಿ ಪಡೆದರು. ಅಲ್ಮೇರಾದ ಬೀಗದ ಕೈ ಗುಮಾಸ್ತರ ಬಳಿ ಇರುತ್ತದೆ. 'ಕರ್ವಾಲೊ' ಪ್ರತಿಯನ್ನು ಒಯ್ದ ಸದಸ್ಯರು ವಹಿಯಲ್ಲಿ ಹೆಸರು ಬರೆದಿಲ್ಲ. ಅವರು ಯಾರೇ ಆಗಿರಲಿ, ಮಳೆ ಹಿಡಿಯುವ ಮುಂಚೆ ದಯವಿಟ್ಟು ತಂದುಕೊಡಬೇಕು, ಕಾಯುತ್ತಿರುವವರು ಇಬ್ಬರಿದ್ದಾರೆ.